ಟ್ಯೂಬ್ ಗಿಟಾರ್ ಆಂಪ್ಲಿಫೈಯರ್: ಸಾಮಾನ್ಯ ದೋಷಗಳನ್ನು ಹುಡುಕಿ ಸರಿಪಡಿಸುವ ಬಗೆ

ಟ್ಯೂಬ್ ಆಂಪ್‌ನ (ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ಗಿಟಾರ್‌ನ ದನಿ ಹಿಗ್ಗಿಸುವ ಆಂಪ್ಲಿಫೈಯರ್‌ನ) ಸದ್ದು ಕೆಟ್ಟ ಕೂಡಲೇ ಹೆಚ್ಚಿನವರು ಟ್ಯೂಬ್‌ಗಳನ್ನೆಲ್ಲ ಕಿತ್ತು ಹೊಸದನ್ನು ಕೂರಿಸುತ್ತಾರೆ. ಕೆಲವೊಮ್ಮೆ ಅಷ್ಟಕ್ಕೇ ಸರಿಹೋಗುವುದೂ ಉಂಟು. ಆದರೆ ಹಳೆಯ ಟ್ಯೂಬ್ ಏಕೆ ಹಾಳಾಯಿತು ಎಂದು ಕೇಳದೆ ಹೊಸದನ್ನು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಈ ಆಂಪ್‌ಗಳಲ್ಲಿ ಸುಟ್ಟು ಕಪ್ಪಾಗಿ ಕಣ್ಣಿಗೆ ಬೀಳುವ ಭಾಗ ಬಹುಪಾಲು ಸಲ ಬೇರೆ ಯಾವುದೋ ಭಾಗದ ತಪ್ಪಿಗೆ ಬಲಿಯಾಗಿರುತ್ತದೆ. ಅದಕ್ಕಾಗಿ ಇಲ್ಲಿ ಬದಲಾಯಿಸುವ ಕೆಲಸಕ್ಕಿಂತ ಹುಡುಕುವ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹುಡುಕುವುದು ಅಂದುಕೊಂಡಷ್ಟು ಕಷ್ಟವಲ್ಲ. ಗಿಟಾರ್‌ನ ಸಂಕೇತ ಇನ್‌ಪುಟ್ ಜಾಕ್‌ನಿಂದ ಹೊರಟು ಪ್ರಿಆಂಪ್ ಟ್ಯೂಬ್‌ಗಳು (ಸಣ್ಣ ಸಂಕೇತವನ್ನು ಮೊದಲು ಹಿಗ್ಗಿಸುವಂಥವು), ಟೋನ್ ಮತ್ತು ವಾಲ್ಯೂಮ್ ಪಾಟ್‌ಗಳು (ತಿರುಗಿಸಿ ಹೊಂದಿಸುವ ರೆಸಿಸ್ಟರ್‌ಗಳು), ಫೇಸ್ ಇನ್ವರ್ಟರ್ (ಸಂಕೇತವನ್ನು ಪರಸ್ಪರ ಉಲ್ಟಾ ಇರುವ ಎರಡಾಗಿ ಮಾಡುವ ಹಂತ), ಪವರ್ ಟ್ಯೂಬ್‌ಗಳು (ಸ್ಪೀಕರ್‌ಗೆ ಬೇಕಾದ ಬಲ ಕೊಡುವಂಥವು), ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೀಗೆ ಒಂದೇ ಸಾಲಿನಲ್ಲಿ ನಡೆದು ಸ್ಪೀಕರ್ ಸೇರುತ್ತದೆ. ಪ್ರಿಆಂಪ್‌ನಲ್ಲಿ ಬಹುತೇಕ ಎಲ್ಲ ಕಡೆ ಇರುವುದು 12ಎಎಕ್ಸ್7; ಯುರೋಪಿನಲ್ಲಿ ಇದರ ಹೆಸರು ಇಸಿಸಿ83. 1947ರಲ್ಲಿ ಬಂದ ಈ ಟ್ಯೂಬ್ ಇಂದಿಗೂ ತಯಾರಾಗುತ್ತಿದೆ. ಪವರ್ ಟ್ಯೂಬ್‌ಗಳಲ್ಲಿ 6ಎಲ್6, 6ವಿ6, ಇಎಲ್34, ಇಎಲ್84 ಎಂಬ ನಾಲ್ಕನ್ನು ತಿಳಿದಿದ್ದರೆ ನಿಮ್ಮ ಕೈಗೆ ಬರುವ ಹೆಚ್ಚಿನ ಆಂಪ್‌ಗಳು ಅರ್ಥವಾಗುತ್ತವೆ. ಸಾಲು ಎಲ್ಲಿ ಮುರಿದಿದೆ ಎಂದು ಕಂಡುಕೊಳ್ಳುವುದೇ ರಿಪೇರಿಯ ಮುಕ್ಕಾಲು ಪಾಲು.

ಮೊದಲು ಜೀವ, ಆಮೇಲೆ ಆಂಪ್

ಪ್ಲಗ್ ಕಿತ್ತ ಮೇಲೂ ಟ್ಯೂಬ್ ಆಂಪ್ ಜೀವ ತೆಗೆಯಬಲ್ಲದು. ಪವರ್ ಟ್ಯೂಬ್‌ಗಳಿಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್ ಡಿಸಿ ಕೊಡಲಾಗುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಕೆಪಾಸಿಟರ್‌ಗಳು ಆಂಪ್ ಆರಿದ ಮೇಲೂ ಬಹಳ ಹೊತ್ತು ತುಂಬಿಕೊಂಡೇ ಇರಬಹುದು. ಕೆಳಗಿನ ಕ್ರಮವನ್ನು ಪ್ರತಿ ಸಲವೂ, ಐದು ನಿಮಿಷದ ಹಿಂದೆ ಮಾಡಿದ್ದರೂ ಮತ್ತೆ ಮಾಡಿ.

1. ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದು ನಿಮ್ಮ ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಸ್ಟ್ಯಾಂಡ್‌ಬೈ ಸ್ವಿಚ್ (ಟ್ಯೂಬ್‌ಗಳನ್ನು ಬಿಸಿಯಾಗಿಟ್ಟು ಹೈ ವೋಲ್ಟೇಜ್ ಮಾತ್ರ ತಡೆಯುವುದು) ಇದ್ದರೆ ನುಡಿಸುವ ಸ್ಥಾನದಲ್ಲಿಯೇ ಬಿಡಿ. ಟ್ಯೂಬ್‌ಗಳು ಬಿಸಿಯಾಗಿರುವಷ್ಟು ಹೊತ್ತು ಒಂದಿಷ್ಟು ಚಾರ್ಜ್ ಅವುಗಳ ಮೂಲಕ ಹರಿದುಹೋಗುತ್ತದೆ.

2. ಡಿಸಿ 1000 ವೋಲ್ಟ್‌ವರೆಗೆ ಅಳೆಯಬಲ್ಲ ಮಲ್ಟಿಮೀಟರ್‌ನ ಕಪ್ಪು ತಂತಿಯನ್ನು ಕ್ಲಿಪ್‌ನಿಂದ ಚಾಸಿಸ್‌ಗೆ (ಭಾಗಗಳನ್ನೆಲ್ಲ ಕೂರಿಸಿದ ಲೋಹದ ಚೌಕಟ್ಟಿಗೆ) ಕಚ್ಚಿಸಿ. ಕೆಂಪು ತಂತಿಯನ್ನು ಒಂದೇ ಕೈಯಲ್ಲಿ ಹಿಡಿದು ಪ್ರತಿ ಫಿಲ್ಟರ್ ಕೆಪಾಸಿಟರ್‌ನ ಧನ ತುದಿಗೆ ತಾಗಿಸಿ ಓದಿ. ಇನ್ನೊಂದು ಕೈ ಜೇಬಿನಲ್ಲಿರಲಿ. ಎರಡು ಕೈಗಳ ನಡುವೆ ಕರೆಂಟ್ ಹರಿದರೆ ಅದು ಎದೆಯನ್ನು ದಾಟಿಯೇ ಹೋಗುತ್ತದೆ.

3. 10 ಕಿಲೋಓಮ್, 5 ವಾಟ್‌ನ ವೈರ್‌ವೌಂಡ್ ರೆಸಿಸ್ಟರ್‌ಗೆ ಒಳ್ಳೆಯ ಇನ್ಸುಲೇಶನ್ ಇರುವ ಎರಡು ಕ್ಲಿಪ್ ತಂತಿಗಳನ್ನು ಬೆಸೆದಿಟ್ಟುಕೊಳ್ಳಿ. ಒಂದು ತುದಿಯನ್ನು ಮೊದಲು ಚಾಸಿಸ್‌ಗೆ, ಇನ್ನೊಂದನ್ನು ಕೆಪಾಸಿಟರ್‌ಗೆ ಹಚ್ಚಿ ಹತ್ತಿಪ್ಪತ್ತು ಸೆಕೆಂಡ್ ಬಿಡಿ. ಸ್ಕ್ರೂಡ್ರೈವರ್‌ನಿಂದ ನೇರವಾಗಿ ಶಾರ್ಟ್ ಮಾಡುವ ಚಾಳಿ ಬೇಡ. ಕಿಡಿ ಹಾರಿ ಕಣ್ಣಿಗೂ ಕೆಪಾಸಿಟರ್‌ಗೂ ಪೆಟ್ಟಾಗುತ್ತದೆ.

4. ಮತ್ತೆ ಅಳೆಯಿರಿ. ಎಲ್ಲ ಕೆಪಾಸಿಟರ್‌ಗಳನ್ನೂ ಅಳೆಯಿರಿ. ಅವುಗಳನ್ನು ಒಂದಕ್ಕೊಂದು ಜೋಡಿಸುವ ರೆಸಿಸ್ಟರ್ ಒಳಗೆ ಕಡಿದು ತೆರೆದುಕೊಂಡಿದ್ದರೆ ಒಂದು ಖಾಲಿಯಾಗಿ ಪಕ್ಕದ್ದು ತುಂಬಿಯೇ ಉಳಿದಿರುತ್ತದೆ. ಖಾಲಿ ಮಾಡಿದ ಕೆಪಾಸಿಟರ್‌ನಲ್ಲೂ ಕೆಲವು ನಿಮಿಷದ ನಂತರ ಒಂದಷ್ಟು ವೋಲ್ಟ್ ಮರಳಿ ಏರಬಹುದು. ಹಾಗಾಗಿ ಕೆಲಸ ಮಾಡುವಷ್ಟು ಹೊತ್ತು ಆ ರೆಸಿಸ್ಟರ್ ಕ್ಲಿಪ್ಪನ್ನು ಹಾಗೆಯೇ ಬಿಟ್ಟು, ಆಂಪ್ ಹಚ್ಚುವ ಮುನ್ನ ನೆನಪಿಟ್ಟು ತೆಗೆಯಿರಿ.

ಇನ್ನೆರಡು ಎಚ್ಚರಿಕೆಗಳು. ಸ್ಪೀಕರ್ ಅಥವಾ ಅದಕ್ಕೆ ಸಮನಾದ ಲೋಡ್ ಇಲ್ಲದೆ ಟ್ಯೂಬ್ ಆಂಪನ್ನು ಎಂದೂ ನುಡಿಸಬೇಡಿ. ಲೋಡ್ ಇಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಶನ್ ತೂತಾಗುತ್ತದೆ. ಎರಡನೆಯದು, ಎರಡೇ ಕಡ್ಡಿಯ ಪ್ಲಗ್ ಇರುವ ಹಳೆಯ ಆಂಪ್‌ಗಳಲ್ಲಿ ಮೇನ್ಸ್ ತಂತಿಯಿಂದ ಚಾಸಿಸ್‌ಗೆ ಒಂದು ಕೆಪಾಸಿಟರ್ ಹಾಕಿರುತ್ತಾರೆ. ಅದು ಶಾರ್ಟ್ ಆದರೆ ಮೇನ್ಸ್ ನೇರವಾಗಿ ಗಿಟಾರ್‌ನ ತಂತಿಗೆ ಬರುತ್ತದೆ. ಅಂಥ ಆಂಪ್ ಕೈಗೆ ಬಂದರೆ ಬೇರೆ ಯಾವ ದೋಷವನ್ನೂ ನೋಡುವ ಮೊದಲು ಆ ಕೆಪಾಸಿಟರ್ ತೆಗೆದು, ಮೂರು ತಂತಿಯ ಕಾರ್ಡ್ ಹಾಕಿ, ಅರ್ಥ್ ತಂತಿಯನ್ನು ಬೋಲ್ಟ್‌ನಿಂದ ಚಾಸಿಸ್‌ಗೆ ಬಿಗಿಯಿರಿ.

ತೆರೆಯುವ ಮುನ್ನ ಹೊರಗಿನಿಂದಲೇ

ಚಾಸಿಸ್ ಹೊರಗೆಳೆಯುವ ಮುನ್ನ ಬೇರೆ ಗಿಟಾರ್, ಬೇರೆ ಕೇಬಲ್, ಬೇರೆ ಸ್ಪೀಕರ್ ಹಾಕಿ ನೋಡಿ. ಸ್ಪೀಕರನ್ನು ಕಳಚಿ ಓಮ್ ಅಳೆಯಿರಿ. 8 ಓಮ್‌ನ ಸ್ಪೀಕರ್ ಮೀಟರ್‌ನಲ್ಲಿ 6ರಿಂದ 7 ತೋರಿಸುವುದು ಸಹಜ. ಸ್ಪೀಕರ್ ಮೇಲೆ ಬರೆದಿರುವುದು ಇಂಪೀಡೆನ್ಸ್, ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್.

ಎಫೆಕ್ಟ್ಸ್ ಲೂಪ್ (ಸಂಕೇತವನ್ನು ಹೊರಗಿನ ಎಫೆಕ್ಟ್‌ಗೆ ಕಳಿಸಿ ಮರಳಿ ಪಡೆಯುವ ಜಾಕ್‌ಗಳ ಜೋಡಿ) ಇರುವ ಆಂಪ್‌ನಲ್ಲಿ ಸೆಂಡ್ ಮತ್ತು ರಿಟರ್ನ್ ಜಾಕ್‌ಗಳ ನಡುವೆ ಒಂದು ಸಣ್ಣ ಕೇಬಲ್ ಹಾಕಿ ನುಡಿಸಿ. ಈ ಒಂದು ಪರೀಕ್ಷೆಯ ಬೆಲೆ ನನಗೆ ತಡವಾಗಿ ತಿಳಿಯಿತು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಮೇಜಿಗೆ ಬಂದ 50 ವಾಟ್‌ನ ಆಂಪ್ ಒಂದು, ನುಡಿಸುತ್ತಿದ್ದಂತೆಯೇ ದನಿ ಕುಗ್ಗಿಸಿ, ಮತ್ತೆ ಒಮ್ಮೆಲೇ ಜೋರಾಗುತ್ತಿತ್ತು. ಟ್ಯೂಬ್‌ಗಳೆಲ್ಲ ಹೊಸದಾದವು, ಕೆಪಾಸಿಟರ್‌ಗಳು ಹೊಸದಾದವು, ಎರಡು ವಾರ ಕಳೆದವು, ದೋಷ ಮಾತ್ರ ಕದಲಲಿಲ್ಲ. ರಿಟರ್ನ್ ಜಾಕ್‌ನಲ್ಲಿ ಏನೂ ಸಿಕ್ಕಿಸದೆ ಇರುವಾಗ ಸಂಕೇತ ಒಂದು ಪುಟ್ಟ ಲೋಹದ ಪಟ್ಟಿಯ ಮೂಲಕ ದಾಟಬೇಕು. ಆ ಪಟ್ಟಿಗೆ ಕಿಲುಬು ಹಿಡಿದಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಪ್ಲಗ್ಗನ್ನು ಹತ್ತು ಸಲ ಒಳಗೆ ಹೊರಗೆ ಮಾಡಿದ್ದರಿಂದ ಆಂಪ್ ಸರಿಹೋಯಿತು. ಅಂದಿನಿಂದ ಯಾವ ಆಂಪ್ ಬಂದರೂ ನಾನು ಮೊದಲು ಮುಟ್ಟುವುದು ಜಾಕ್‌ಗಳನ್ನು.

ಆಮೇಲೆ ಟ್ಯೂಬ್‌ಗಳನ್ನು ನೋಡಿ. ಗಾಜಿನ ಒಳಭಾಗದಲ್ಲಿರುವ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಮುಗಿಯಿತು. ಗಾಜಿನ ಮೈಗೆ ಅಂಟಿದಂತೆ ಕಾಣುವ ನೀಲಿ ಹೊಳಪು ಪವರ್ ಟ್ಯೂಬ್‌ಗಳಲ್ಲಿ ಸಾಮಾನ್ಯ, ಭಯ ಬೇಡ. ಪ್ಲೇಟ್‌ಗಳ (ಒಳಗಿನ ಲೋಹದ ತಗಡುಗಳ) ನಡುವೆ ನೇರಳೆ ಅಥವಾ ಗುಲಾಬಿ ಮಂಜು ತುಂಬಿದಂತೆ ಕಂಡರೆ ಟ್ಯೂಬ್‌ನಲ್ಲಿ ಅನಿಲ ಸೇರಿದೆ ಎಂದರ್ಥ, ತೆಗೆದುಹಾಕಿ. ಪ್ರತಿ ಟ್ಯೂಬ್‌ನಲ್ಲೂ ಹೀಟರ್‌ನ (ಟ್ಯೂಬನ್ನು ಒಳಗಿನಿಂದ ಕಾಯಿಸುವ ತಂತಿಯ) ಕಿತ್ತಳೆ ಬೆಳಕು ಕಾಣಬೇಕು. ಕಾಣದಿದ್ದರೆ ಟ್ಯೂಬನ್ನು ಶಪಿಸುವ ಮುನ್ನ ಸಾಕೆಟ್ ನೋಡಿ. ಪಿನ್ ಹಿಡಿಯುವ ಹಲ್ಲುಗಳು ಸಡಿಲಾಗಿದ್ದರೆ, ಆಂಪ್‌ನ ಕೆಪಾಸಿಟರ್‌ಗಳು ಖಾಲಿಯಾಗಿರುವಾಗ ತೆಳುವಾದ ಸೂಜಿಯಿಂದ ಮೆಲ್ಲಗೆ ಒಳಕ್ಕೆ ಬಗ್ಗಿಸಬೇಕು.

ಫ್ಯೂಸ್ ಮತ್ತೆ ಮತ್ತೆ ಸುಡುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕಬೇಡಿ. ಆಗ ಫ್ಯೂಸ್ ಉಳಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಚಾಸಿಸ್ ಮೇಲೆ ಬರೆದಿರುವ ಆಂಪಿಯರ್‌ನದೇ, ಸ್ಲೋ ಬ್ಲೋ (ತಡವಾಗಿ ಸುಡುವುದು) ಎಂದಿದ್ದರೆ ಅದೇ ಬಗೆಯದೇ ಇರಬೇಕು.

ಇಲ್ಲಿ ನೆರವಿಗೆ ಬರುವುದು ಸೀರೀಸ್ ಬಲ್ಬ್. 60 ಅಥವಾ 100 ವಾಟ್‌ನ ಹಳೆಯ ಮಾದರಿಯ ತಂತಿ ಬಲ್ಬನ್ನು ಮೇನ್ಸ್‌ನ ಲೈನ್ ತಂತಿಯಲ್ಲಿ ಆಂಪ್‌ಗೆ ಸರಣಿಯಾಗಿ ಜೋಡಿಸಿ, ಪೆಟ್ಟಿಗೆಯೊಳಗೆ ಭದ್ರವಾಗಿ ಕೂರಿಸಿಟ್ಟುಕೊಳ್ಳಿ. ಎಲ್‌ಇಡಿ ಬಲ್ಬ್ ಇದಕ್ಕೆ ಬಾರದು. ಆಂಪ್‌ನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಕರೆಂಟನ್ನು ತಾನೇ ತಡೆಯುತ್ತದೆ. ಫ್ಯೂಸ್ ಒಂದೂ ವ್ಯರ್ಥವಾಗುವುದಿಲ್ಲ.

ಈಗ ಎಲ್ಲ ಟ್ಯೂಬ್‌ಗಳನ್ನೂ ತೆಗೆಯಿರಿ, ರೆಕ್ಟಿಫೈಯರ್ ಟ್ಯೂಬ್ (ಎಸಿಯನ್ನು ಡಿಸಿ ಮಾಡುವುದು) ಇದ್ದರೆ ಅದನ್ನೂ. ಬಲ್ಬ್ ಮೂಲಕ ಆಂಪ್ ಹಚ್ಚಿ. ಬಲ್ಬ್ ಒಂದು ಕ್ಷಣ ಮಿನುಗಿ ಮಂದವಾದರೆ ಪವರ್ ಟ್ರಾನ್ಸ್‌ಫಾರ್ಮರ್ ಸದ್ಯಕ್ಕೆ ನಿರಪರಾಧಿ. ಉರಿಯುತ್ತಲೇ ಇದ್ದರೆ ಆಂಪ್ ಆರಿಸಿ, ಖಾಲಿ ಮಾಡಿ, ಹೈ ವೋಲ್ಟೇಜ್ ಸೆಕೆಂಡರಿ ತಂತಿಗಳನ್ನು ರೆಕ್ಟಿಫೈಯರ್‌ನಿಂದ ಬಿಡಿಸಿ ತುದಿಗಳಿಗೆ ಟೇಪ್ ಸುತ್ತಿ ಮತ್ತೆ ನೋಡಿ. ಆಗ ಬಲ್ಬ್ ಮಂದವಾದರೆ ಡಯೋಡ್‌ಗಳು ಅಥವಾ ಅವುಗಳಾಚೆಯ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಶಾರ್ಟ್ ಇದೆ. ಆಗಲೂ ಉರಿಯುತ್ತಿದ್ದರೆ ಉಳಿದವು ಎರಡೇ: ಹೀಟರ್ ತಂತಿಗಳು ಎಲ್ಲೋ ತಾಗಿವೆ, ಇಲ್ಲವೇ ಟ್ರಾನ್ಸ್‌ಫಾರ್ಮರ್ ಒಳಗೇ ಕೆಟ್ಟಿದೆ.

ಟ್ರಾನ್ಸ್‌ಫಾರ್ಮರ್ ಪಾಸಾದರೆ ರೆಕ್ಟಿಫೈಯರ್ ಟ್ಯೂಬ್ ಹಾಕಿ ನೋಡಿ. ಈಗ ಬಲ್ಬ್ ಜೋರಾದರೆ ಆ ಟ್ಯೂಬ್ ಅಥವಾ ಮೊದಲ ಫಿಲ್ಟರ್ ಕೆಪಾಸಿಟರ್ ಕಾರಣ. ಆಮೇಲೆ ಪ್ರಿಆಂಪ್ ಟ್ಯೂಬ್‌ಗಳು, ಕೊನೆಗೆ ಪವರ್ ಟ್ಯೂಬ್‌ಗಳನ್ನು ಒಂದೊಂದಾಗಿ ಸೇರಿಸಿ. ಹೀಟರ್‌ಗಳಿಗೆ ಕರೆಂಟ್ ಬೇಕಾದ್ದರಿಂದ ಟ್ಯೂಬ್ ಹೆಚ್ಚಾದಂತೆ ಬಲ್ಬ್ ತುಸು ಹೊಳೆಯುವುದು ಸಹಜ. ಒಮ್ಮೆಲೇ ಜೋರಾಗುವುದೇ ದೋಷದ ಗುರುತು. ಯಾವುದೋ ಒಂದು ಪವರ್ ಟ್ಯೂಬ್ ಹಾಕಿದಾಗ ಹಾಗಾದರೆ, ಆ ಟ್ಯೂಬನ್ನು ಬದಲಾಯಿಸುವ ಮೊದಲು ಅದೇ ಸಾಕೆಟ್‌ನ ಸ್ಕ್ರೀನ್ ರೆಸಿಸ್ಟರ್ (ಟ್ಯೂಬ್ ಒಳಗಿನ ಸ್ಕ್ರೀನ್ ಎಂಬ ಜಾಲರಿಗೆ ಸೇರುವುದು) ಅಳೆಯಿರಿ. ಸಾಮಾನ್ಯವಾಗಿ 470 ಓಮ್ ಅಥವಾ 1 ಕಿಲೋಓಮ್ ಇರುವ ಅದು, ಟ್ಯೂಬ್ ಒಳಗೆ ಶಾರ್ಟ್ ಆದಾಗ ತಾನೂ ಸುಟ್ಟುಹೋಗಿರುತ್ತದೆ.

ಪ್ಲೇಟ್ ಕೆಂಪಾದರೆ

ಪವರ್ ಟ್ಯೂಬ್‌ನ ಬೂದು ಬಣ್ಣದ ಪ್ಲೇಟ್ ಕೆಂಡದಂತೆ ಕೆಂಪಗಾಗುತ್ತಿರುವುದು ಕಂಡರೆ ಆ ಕ್ಷಣವೇ ಆಂಪ್ ಆರಿಸಿ. ಟ್ಯೂಬ್‌ನಲ್ಲಿ ಮಿತಿಮೀರಿ ಕರೆಂಟ್ ಹರಿಯುತ್ತಿದೆ. ಒಂದೆರಡು ನಿಮಿಷದಲ್ಲಿ ಟ್ಯೂಬ್ ಹೋಗುತ್ತದೆ, ಜೊತೆಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ಹೊಸ ಟ್ಯೂಬ್ ಹಾಕಿ ಮತ್ತೆ ನೋಡೋಣ ಎನ್ನುವ ಆಸೆ ಹುಟ್ಟುವುದು ಇಲ್ಲಿಯೇ. ಅದನ್ನು ಗಟ್ಟಿಯಾಗಿ ತಡೆದುಕೊಳ್ಳಿ.

ಟ್ಯೂಬ್‌ನಲ್ಲಿ ಕರೆಂಟ್ ಹರಿಯುವುದು ಬಿಸಿಯಾದ ಕ್ಯಾಥೋಡ್ ಮತ್ತು ಪ್ಲೇಟ್ ನಡುವೆ; ಆ ಎರಡರ ನಡುವಿನ ಜಾಲರಿಯೇ ಗ್ರಿಡ್. ಫಿಕ್ಸೆಡ್ ಬಯಾಸ್ ಆಂಪ್‌ಗಳಲ್ಲಿ ಗ್ರಿಡ್‌ಗೆ ಕೊಡುವ ಋಣ ವೋಲ್ಟೇಜ್ (ಅದೇ ಬಯಾಸ್) ಕರೆಂಟಿಗೆ ಲಗಾಮು ಹಾಕುತ್ತದೆ. ಪವರ್ ಟ್ಯೂಬ್‌ಗಳನ್ನೆಲ್ಲ ತೆಗೆದು ಆಂಪ್ ಹಚ್ಚಿ, ಪ್ರತಿ ಸಾಕೆಟ್‌ನ 5ನೇ ಪಿನ್‌ನಲ್ಲಿ ಡಿಸಿ ಅಳೆಯಿರಿ. 6ಎಲ್6, 6ವಿ6, ಇಎಲ್34 ಮೂರರಲ್ಲೂ 5 ಗ್ರಿಡ್, 3 ಪ್ಲೇಟ್, 4 ಸ್ಕ್ರೀನ್, 8 ಕ್ಯಾಥೋಡ್, 2 ಮತ್ತು 7 ಹೀಟರ್. ಸಾಕೆಟನ್ನು ಕೆಳಗಿನಿಂದ ನೋಡುತ್ತ, ನಡುವಿನ ರಂಧ್ರದ ಕಚ್ಚಿನಿಂದ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಎಣಿಸಬೇಕು. ಗ್ರಿಡ್‌ನಲ್ಲಿ ಮೈನಸ್ 35ರಿಂದ ಮೈನಸ್ 55 ವೋಲ್ಟ್‌ನ ಆಸುಪಾಸು ಸಿಗಬೇಕು. ಪವರ್ ಟ್ಯೂಬ್ ಇಲ್ಲದಾಗ ಹೈ ವೋಲ್ಟೇಜ್ ಎಂದಿಗಿಂತ ಹೆಚ್ಚಾಗಿರುತ್ತದೆ ಎಂಬುದನ್ನು ಮರೆಯದೆ ಕೈಯಾಡಿಸಿ.

ಯಾವ ಸಾಕೆಟ್‌ನಲ್ಲೂ ಋಣ ವೋಲ್ಟೇಜ್ ಇಲ್ಲದಿದ್ದರೆ ಬಯಾಸ್ ಸರಬರಾಜಿನ ಡಯೋಡ್, ಕೆಪಾಸಿಟರ್, ಹೊಂದಿಸುವ ಪಾಟ್ ಈ ಮೂರನ್ನು ನೋಡಿ. ಈ ಕೆಪಾಸಿಟರ್‌ನ ಧನ ತುದಿ ಚಾಸಿಸ್ ಕಡೆಗಿರಬೇಕು. ಋಣ ವೋಲ್ಟೇಜ್ ಎಂಬುದನ್ನು ಮರೆತು ಉಲ್ಟಾ ಬೆಸೆದ ಆಂಪ್‌ಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ.

ಒಂದು ಸಾಕೆಟ್‌ನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಶೂನ್ಯದ ಕಡೆಗೆ ಜಾರಿದ್ದರೆ ಅನುಮಾನ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಫೇಸ್ ಇನ್ವರ್ಟರ್‌ನ ಪ್ಲೇಟ್‌ನಿಂದ ಪವರ್ ಟ್ಯೂಬ್‌ನ ಗ್ರಿಡ್‌ಗೆ ಹೋಗುವ 0.022 ಅಥವಾ 0.1 ಮೈಕ್ರೊಫ್ಯಾರಡ್‌ನ ಭಾಗ ಅದು. ಸಂಕೇತವನ್ನು ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ಹಳತಾದಾಗ ಡಿಸಿ ಸೋರತೊಡಗುತ್ತದೆ, ಲಗಾಮು ಸಡಿಲವಾಗುತ್ತದೆ. ಆಂಪ್ ಖಾಲಿ ಮಾಡಿ, ಗ್ರಿಡ್ ಕಡೆಯ ತುದಿಯನ್ನು ಬಿಡಿಸಿ, ಆ ತುದಿಗೂ ಚಾಸಿಸ್‌ಗೂ ನಡುವೆ ಮೀಟರ್ ಕ್ಲಿಪ್‌ಗಳನ್ನು ಹಚ್ಚಿ, ಆಮೇಲೆ ಆಂಪ್ ಹಚ್ಚಿ. ಮೊದಲು ಏರಿದ ವೋಲ್ಟೇಜ್ ಇಳಿಯುತ್ತ ಹೋಗಿ ಶೂನ್ಯದ ಹತ್ತಿರ ನಿಲ್ಲಬೇಕು. ಒಂದು ವೋಲ್ಟ್‌ಗಿಂತ ಮೇಲೆ ನಿಂತರೆ ಆ ಕೆಪಾಸಿಟರನ್ನೂ ಅದರ ಜೋಡಿಯನ್ನೂ ಬದಲಾಯಿಸಿ. 600 ವೋಲ್ಟ್ ತಾಳುವಂಥದ್ದನ್ನು ಹಾಕಿ.

ಎರಡೂ ಗ್ರಿಡ್‌ಗಳಲ್ಲಿ ಒಂದೇ ವೋಲ್ಟೇಜ್ ಇದ್ದೂ ಒಂದು ಟ್ಯೂಬ್ ಮಾತ್ರ ಕೆಂಪಾಗುತ್ತಿದ್ದರೆ ಎರಡು ಟ್ಯೂಬ್‌ಗಳ ಜಾಗ ಅದಲುಬದಲು ಮಾಡಿ. ದೋಷ ಟ್ಯೂಬ್‌ನ ಹಿಂದೆ ಹೋದರೆ ಟ್ಯೂಬ್ ಕೆಟ್ಟಿದೆ, ಸಾಕೆಟ್‌ನಲ್ಲೇ ಉಳಿದರೆ ಸಾಕೆಟ್ ಅಥವಾ ಅದರ ಬೆಸುಗೆ ಕೆಟ್ಟಿದೆ. ಕ್ಯಾಥೋಡ್ ಬಯಾಸ್ ಆಂಪ್‌ಗಳಲ್ಲಿ ಗ್ರಿಡ್‌ಗೆ ಋಣ ವೋಲ್ಟೇಜ್ ಇರುವುದಿಲ್ಲ. ಅಲ್ಲಿ ಕ್ಯಾಥೋಡ್ ರೆಸಿಸ್ಟರ್‌ನ ಪಕ್ಕದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಶಾರ್ಟ್ ಆಗಿದೆಯೇ ನೋಡಿ.

ಹೊಸ ಪವರ್ ಟ್ಯೂಬ್ ಹಾಕಿದ ಮೇಲೆ ಫಿಕ್ಸೆಡ್ ಬಯಾಸ್ ಆಂಪ್‌ನಲ್ಲಿ ಬಯಾಸ್ ಹೊಂದಿಸಲೇಬೇಕು. ಪ್ರತಿ ಕ್ಯಾಥೋಡ್‌ನಿಂದ ಚಾಸಿಸ್‌ಗೆ 1 ಓಮ್‌ನ ರೆಸಿಸ್ಟರ್ ಬೆಸೆದರೆ ಲೆಕ್ಕ ಸಲೀಸು: ಅದರ ಮೇಲೆ 1 ಮಿಲಿವೋಲ್ಟ್ ಎಂದರೆ 1 ಮಿಲಿಆಂಪಿಯರ್. ಪ್ಲೇಟ್ ತಾಳಬಲ್ಲ ಗರಿಷ್ಠ ಶಾಖ 6ಎಲ್6ಜಿಸಿಗೆ 30 ವಾಟ್, ಇಎಲ್34ಕ್ಕೆ 25, ಇಎಲ್84ಕ್ಕೆ 12. ಅದರ ಶೇಕಡ 70ನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳುವುದು ರೂಢಿ. ಪ್ಲೇಟ್‌ನಲ್ಲಿ 450 ವೋಲ್ಟ್ ಇರುವ 6ಎಲ್6ಜಿಸಿಗೆ 21 ವಾಟ್ ಭಾಗಿಸು 450, ಅಂದರೆ ಸುಮಾರು 46 ಮಿಲಿಆಂಪಿಯರ್. ಅದೇ ವೋಲ್ಟೇಜ್‌ನ ಇಎಲ್34ಕ್ಕೆ ಸುಮಾರು 38. ನಾನು ಈ ಮಿತಿಗಿಂತ ತುಸು ಕೆಳಗೇ ನಿಲ್ಲಿಸುತ್ತೇನೆ. ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಟ್ಯೂಬ್ ಹೆಚ್ಚು ಕಾಲ ಬಾಳುತ್ತದೆ. ಇದನ್ನು ಸೀರೀಸ್ ಬಲ್ಬ್ ಇಲ್ಲದೆ, ನೇರ ಮೇನ್ಸ್‌ನಲ್ಲಿ, ಆಂಪ್ ಹದಿನೈದು ನಿಮಿಷ ಬಿಸಿಯಾದ ಮೇಲೆ ಮಾಡಬೇಕು.

ಗುಂಯ್ ಎನ್ನುವ ಸದ್ದು

ಗಿಟಾರ್ ನುಡಿಸುವವರ ಕಿವಿ ಇಲ್ಲಿ ಮೀಟರ್‌ಗಿಂತ ಬೇಗ ಕೆಲಸ ಮಾಡುತ್ತದೆ. ಆರನೆಯ ತಂತಿಯ ಮೂರನೆಯ ಫ್ರೆಟ್ಟನ್ನು ಒತ್ತಿ ನುಡಿಸಿ. ಆ ಜಿ ಸ್ವರದ ಆವರ್ತನ 98 ಹರ್ಟ್ಸ್. 50 ಹರ್ಟ್ಸ್ ಮೇನ್ಸ್ ಇರುವಲ್ಲಿ ಆಂಪ್‌ನ ಗುಂಯ್ ಸದ್ದು ಹೆಚ್ಚುಕಡಿಮೆ ಇದೇ ಸ್ವರದಲ್ಲಿದ್ದರೆ ಅದು 100 ಹರ್ಟ್ಸ್: ಫಿಲ್ಟರ್ ಕೆಪಾಸಿಟರ್‌ಗಳು ಬಳಲಿವೆ. ಒಂದು ಆಕ್ಟೇವ್ ಕೆಳಗಿದ್ದರೆ 50 ಹರ್ಟ್ಸ್: ಹೀಟರ್ ತಂತಿ, ಅರ್ಥ್ ಜೋಡಣೆ, ಟ್ಯೂಬ್‌ನ ಹೀಟರ್‌ನಿಂದ ಕ್ಯಾಥೋಡ್‌ಗೆ ಸೋರಿಕೆ, ಇಲ್ಲವೇ ಬಯಾಸ್ ಸರಬರಾಜು. ಒಂದೇ ಡಯೋಡ್ ಇರುವ ಬಯಾಸ್ ಸರಬರಾಜಿನ ಏರಿಳಿತ ಮೇನ್ಸ್‌ನಷ್ಟೇ ಆವರ್ತನದ್ದು ಎಂಬುದು ಹಲವರ ಗಮನಕ್ಕೆ ಬರುವುದಿಲ್ಲ. 60 ಹರ್ಟ್ಸ್ ಮೇನ್ಸ್ ಇರುವಲ್ಲಿ ಐದನೆಯ ತಂತಿಯ ಎರಡನೆಯ ಫ್ರೆಟ್‌ನ ಬಿ ಸ್ವರವನ್ನು ಹೋಲಿಕೆಗೆ ಹಿಡಿಯಿರಿ. 120 ಹರ್ಟ್ಸ್ ಅದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೇಳುತ್ತದೆ.

ಆವರ್ತನ ತಿಳಿದ ಮೇಲೆ ಜಾಗ ಹುಡುಕಿ. ವಾಲ್ಯೂಮ್ ತಿರುಗಿಸಿದಂತೆ ಗುಂಯ್ ಏರಿಳಿದರೆ ದೋಷ ಆ ಪಾಟ್‌ಗಿಂತ ಹಿಂದಿದೆ, ಇಲ್ಲದಿದ್ದರೆ ಮುಂದಿದೆ. ಮುಂದಿದ್ದರೆ ಆಂಪ್ ಆರಿಸಿ ಫೇಸ್ ಇನ್ವರ್ಟರ್ ಟ್ಯೂಬ್ ತೆಗೆದು ಮತ್ತೆ ಹಚ್ಚಿ. ಗುಂಯ್ ಹಾಗೆಯೇ ಉಳಿದರೆ ಪವರ್ ಟ್ಯೂಬ್ ಮತ್ತು ಸರಬರಾಜಿನ ಹಂತದಲ್ಲಿದೆ. ನಿಂತರೆ ಫೇಸ್ ಇನ್ವರ್ಟರ್ ಹಾಕಿ ಅದರ ಹಿಂದಿನ ಟ್ಯೂಬ್ ತೆಗೆಯಿರಿ. ಹೀಗೆ ಒಂದೊಂದೇ ಹಂತ ಹಿಂದಕ್ಕೆ ಸರಿಯುತ್ತ ಹೋದರೆ ತಪ್ಪಿತಸ್ಥ ಹಂತ ತಾನಾಗಿ ಸಿಕ್ಕಿಬೀಳುತ್ತದೆ. ಚಟಪಟ ಸದ್ದು, ಸಿಳ್ಳು, ಕರಕರ ಎಲ್ಲಕ್ಕೂ ಇದೇ ಉಪಾಯ.

ಎರಡು ಪವರ್ ಟ್ಯೂಬ್‌ಗಳು ಒಂದನ್ನೊಂದು ಹೋಲದಿದ್ದರೂ 100 ಹರ್ಟ್ಸ್ ಕೇಳುತ್ತದೆ. ಪುಶ್‌ಪುಲ್ ಆಂಪ್‌ನಲ್ಲಿ (ಎರಡು ಪವರ್ ಟ್ಯೂಬ್‌ಗಳು ಪರಸ್ಪರ ವಿರುದ್ಧವಾಗಿ ಕೆಲಸ ಮಾಡುವಲ್ಲಿ) ಸರಬರಾಜಿನ ಏರಿಳಿತ ಟ್ರಾನ್ಸ್‌ಫಾರ್ಮರ್‌ನ ಎರಡು ಅರ್ಧಗಳಲ್ಲಿ ಪರಸ್ಪರ ಅಳಿಸಿಹೋಗಬೇಕು. ಕರೆಂಟ್ ಸಮವಿಲ್ಲದಿದ್ದರೆ ಅಳಿಸಿಹೋಗುವುದಿಲ್ಲ. ಕೆಪಾಸಿಟರ್ ಕೀಳುವ ಮುನ್ನ ಇದನ್ನು ಅಳೆದು ನೋಡಿ.

ಫಿಲ್ಟರ್ ಕೆಪಾಸಿಟರ್ ಉಬ್ಬಿದ್ದರೆ, ಸೋರಿದ್ದರೆ ಅಥವಾ 20 ವರ್ಷ ದಾಟಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಲೇಸು. ವೋಲ್ಟೇಜ್ ಮಿತಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಧನ, ಋಣ ತುದಿಗಳನ್ನು ಎರಡು ಸಲ ನೋಡಿ. ಉಲ್ಟಾ ಹಾಕಿದ ಎಲೆಕ್ಟ್ರೊಲಿಟಿಕ್ ಸಿಡಿಯುತ್ತದೆ. ಟ್ಯೂಬ್ ರೆಕ್ಟಿಫೈಯರ್ ಇರುವ ಆಂಪ್‌ನಲ್ಲಿ ಹೆಚ್ಚು ಮೈಕ್ರೊಫ್ಯಾರಡ್ ಇದ್ದರೆ ಹೆಚ್ಚು ಒಳ್ಳೆಯದು ಎಂದುಕೊಳ್ಳಬೇಡಿ. ಜಿಝಡ್34 ಎಂಬ ರೆಕ್ಟಿಫೈಯರ್ ಟ್ಯೂಬ್‌ಗೆ ಮೊದಲ ಕೆಪಾಸಿಟರ್‌ನ ಮಿತಿ 60 ಮೈಕ್ರೊಫ್ಯಾರಡ್. ಅದರಾಚೆ ಹೋದರೆ ಹಚ್ಚಿದಾಗಲೆಲ್ಲ ಟ್ಯೂಬ್‌ಗೆ ಏಟು ಬೀಳುತ್ತದೆ.

ದನಿ ಇಲ್ಲ, ಅಥವಾ ಕುಂದಿದೆ

ಇಲ್ಲಿ ವೋಲ್ಟೇಜ್ ಓದುವುದನ್ನು ಕಲಿಯಬೇಕು, ಕಲಿತರೆ ಆಂಪ್ ತೆರೆದ ಪುಸ್ತಕ. 12ಎಎಕ್ಸ್7 ಒಂದರಲ್ಲಿ ಎರಡು ಟ್ರಯೋಡ್‌ಗಳಿವೆ, ಎಂದರೆ ಪ್ಲೇಟ್, ಗ್ರಿಡ್, ಕ್ಯಾಥೋಡ್ ಇರುವ ಎರಡು ಟ್ಯೂಬ್‌ಗಳು ಒಂದೇ ಗಾಜಿನಲ್ಲಿವೆ. ಪಿನ್‌ಗಳ ಲೆಕ್ಕ ಹೀಗೆ: ಪ್ಲೇಟ್‌ಗಳು 1 ಮತ್ತು 6, ಗ್ರಿಡ್‌ಗಳು 2 ಮತ್ತು 7, ಕ್ಯಾಥೋಡ್‌ಗಳು 3 ಮತ್ತು 8. ಸಾಮಾನ್ಯ ಹಂತದಲ್ಲಿ ಪ್ಲೇಟ್‌ಗೆ 100 ಕಿಲೋಓಮ್, ಕ್ಯಾಥೋಡ್‌ಗೆ 1.5 ಕಿಲೋಓಮ್ ರೆಸಿಸ್ಟರ್ ಇರುತ್ತದೆ. ಪ್ಲೇಟ್‌ನಲ್ಲಿ 150ರಿಂದ 250 ವೋಲ್ಟ್, ಕ್ಯಾಥೋಡ್‌ನಲ್ಲಿ 1ರಿಂದ 2 ವೋಲ್ಟ್ ಕಂಡರೆ ಆ ಹಂತ ಆರೋಗ್ಯವಾಗಿದೆ.

ಪ್ಲೇಟ್‌ನಲ್ಲಿ ಸರಬರಾಜಿನಷ್ಟೇ ವೋಲ್ಟೇಜ್ ಇದ್ದರೆ ಟ್ಯೂಬ್‌ನಲ್ಲಿ ಕರೆಂಟ್ ಹರಿಯುತ್ತಿಲ್ಲ. ಟ್ಯೂಬ್ ಸತ್ತಿದೆ, ಇಲ್ಲವೇ ಕ್ಯಾಥೋಡ್ ರೆಸಿಸ್ಟರ್ ತೆರೆದಿದೆ. ಪ್ಲೇಟ್‌ನಲ್ಲಿ ಬಹುತೇಕ ಏನೂ ಇಲ್ಲದಿದ್ದರೆ ಪ್ಲೇಟ್ ರೆಸಿಸ್ಟರ್ ತೆರೆದಿದೆ. ಪ್ಲೇಟ್ ವೋಲ್ಟೇಜ್ ತೀರ ಕಡಿಮೆಯಾಗಿ ಕ್ಯಾಥೋಡ್ ಶೂನ್ಯ ತೋರಿಸಿದರೆ ಕ್ಯಾಥೋಡ್‌ನ ಕೆಪಾಸಿಟರ್ ಶಾರ್ಟ್ ಆಗಿದೆ. ವೋಲ್ಟೇಜ್‌ಗಳೆಲ್ಲ ಸರಿಯಿದ್ದೂ ದನಿ ತೆಳುವಾಗಿದ್ದರೆ ಅದೇ ಕೆಪಾಸಿಟರ್ ಒಣಗಿದೆ. ಒಂದು ಅಪವಾದವಿದೆ. ಕ್ಯಾಥೋಡ್ ಫಾಲೋವರ್ ಹಂತದಲ್ಲಿ (ಸಂಕೇತವನ್ನು ಪ್ಲೇಟ್ ಬದಲು ಕ್ಯಾಥೋಡ್‌ನಿಂದ ಪಡೆಯುವಲ್ಲಿ) ಪ್ಲೇಟ್ ನೇರವಾಗಿ ಸರಬರಾಜಿಗೆ ಸೇರಿರುತ್ತದೆ, ಕ್ಯಾಥೋಡ್‌ನಲ್ಲಿ ನೂರಕ್ಕೂ ಹೆಚ್ಚು ವೋಲ್ಟ್ ಇರುತ್ತದೆ. ಅದನ್ನು ದೋಷವೆಂದು ತಿಳಿದು ಬಿಚ್ಚಬೇಡಿ.

ಪವರ್ ಹಂತದಲ್ಲಿ 3ನೇ ಪಿನ್‌ನಲ್ಲಿ ವೋಲ್ಟೇಜ್ ಇಲ್ಲದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ನಡುವಿನ ತಂತಿಯಲ್ಲಿ ಮಾತ್ರ ಇದ್ದರೆ ಪ್ರೈಮರಿಯ ಆ ಅರ್ಧ ಕಡಿದಿದೆ. ಆಂಪ್ ಖಾಲಿ ಮಾಡಿ ನಡುವಿನ ತಂತಿಯಿಂದ ಎರಡೂ ಪ್ಲೇಟ್‌ಗಳಿಗೆ ಓಮ್ ಅಳೆದು ಖಚಿತಪಡಿಸಿಕೊಳ್ಳಿ. ಎರಡು ಅರ್ಧಗಳು ತುಸು ಬೇರೆ ಬೇರೆ ಓದುವುದು ಸಹಜ, ಅನಂತ ತೋರಿಸುವುದು ಸಹಜವಲ್ಲ.

ಚಟಪಟ, ಕರಕರ, ಸಿಳ್ಳು

ಆಂಪ್ ಹಚ್ಚಿ, ಪೆನ್ಸಿಲ್‌ನ ರಬ್ಬರ್ ತುದಿಯಿಂದ ಪ್ರತಿ ಪ್ರಿಆಂಪ್ ಟ್ಯೂಬನ್ನು ಮೆಲ್ಲಗೆ ತಟ್ಟಿ. ಗಂಟೆ ಬಾರಿಸಿದಂತೆ ಸ್ಪೀಕರ್‌ನಲ್ಲಿ ಮೊಳಗಿದರೆ ಆ ಟ್ಯೂಬ್ ಮೈಕ್ರೊಫೋನಿಕ್ ಆಗಿದೆ, ಅದುರಿಕೆಯನ್ನೇ ಸದ್ದಾಗಿಸುತ್ತಿದೆ. ಮೊದಲ ಟ್ಯೂಬ್ ಸ್ವಲ್ಪ ಸದ್ದು ಮಾಡುವುದು ಸರಿಯೇ, ಅದರ ಮುಂದೆ ಇಡೀ ಆಂಪ್‌ನ ವರ್ಧನೆ ಇದೆ. ತಟ್ಟಿದಾಗ ಚಟಪಟ ಬಂದರೆ ಟ್ಯೂಬ್ ತೆಗೆದು ಪಿನ್ ಮತ್ತು ಸಾಕೆಟ್ ಶುಚಿಮಾಡಿ ಮತ್ತೆ ತಟ್ಟಿ. ಚಾಸಿಸ್ ಒಳಗಡೆ ಬೆಸುಗೆಗಳನ್ನು ತಟ್ಟಲು ಒಣಗಿದ, ಉದ್ದನೆಯ ಮರದ ಕಡ್ಡಿ ಮಾತ್ರ. ಪೆನ್ಸಿಲ್‌ನ ಸೀಸ ವಿದ್ಯುತ್ ಹಾಯಿಸುತ್ತದೆ.

ಏನೂ ಮುಟ್ಟದಿದ್ದರೂ ದೂರದಲ್ಲಿ ಮಳೆ ಸುರಿದಂತೆ ಸದ್ದು ಬರುತ್ತಿದ್ದರೆ ಪ್ಲೇಟ್‌ನ 100 ಕಿಲೋಓಮ್ ರೆಸಿಸ್ಟರ್‌ಗಳನ್ನು ಅನುಮಾನಿಸಿ. ಹಳೆಯ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್ ಮೀಟರ್‌ನಲ್ಲಿ ಸರಿಯಾದ ಬೆಲೆ ತೋರಿಸುತ್ತಲೇ ಸದ್ದು ಮಾಡಬಲ್ಲದು. ಟ್ಯೂಬ್ ತೆಗೆಯುತ್ತ ಹಂತವನ್ನು ಗುರುತಿಸಿ, ಅಲ್ಲಿ 1 ವಾಟ್‌ನ ಮೆಟಲ್ ಫಿಲ್ಮ್ ಹಾಕಿ. ಇಡೀ ಆಂಪ್‌ನ ರೆಸಿಸ್ಟರ್‌ಗಳನ್ನು ಕೀಳುವ ಅಗತ್ಯವಿಲ್ಲ.

ಪಾಟ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ವಾರದಲ್ಲಿ ಮರಳಿ ಬಂದರೆ ಪಾಟ್ ಕೆಟ್ಟಿಲ್ಲದಿರಬಹುದು. ಅದರ ತುದಿಗಳಲ್ಲಿ ಡಿಸಿ ಇದೆಯೇ ಅಳೆಯಿರಿ. ಇದ್ದರೆ ಹಿಂದಿನ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದ ಕೂಡಲೇ ಆಂಪ್ ಕಿವಿ ಸೀಳುವಂತೆ ಕಿರುಚಿದರೆ ಗಾಬರಿ ಬೇಡ. ಫೀಡ್‌ಬ್ಯಾಕ್ (ಔಟ್‌ಪುಟ್‌ನಿಂದ ಹಿಂದಿನ ಹಂತಕ್ಕೆ ಮರಳಿಸುವ ಸಂಕೇತ) ಉಲ್ಟಾ ಆಗಿದೆ. ಆರಿಸಿ, ಖಾಲಿ ಮಾಡಿ, ಎರಡು ಪ್ಲೇಟ್ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ರಿವರ್ಬ್ ನಿಂತರೆ ಬಹುಪಾಲು ಸಲ ಸ್ಪ್ರಿಂಗ್ ಪೆಟ್ಟಿಗೆಯ ಒಳಗೆ ಕೂದಲಿನಷ್ಟು ತೆಳುವಾದ ತಂತಿ ಕಡಿದಿರುತ್ತದೆ ಅಥವಾ ಕೇಬಲ್ ಕೆಟ್ಟಿರುತ್ತದೆ. ಪೆಟ್ಟಿಗೆಯ ಎರಡೂ ಜಾಕ್‌ಗಳಲ್ಲಿ ಓಮ್ ಅಳೆಯಿರಿ. ಟ್ರಾನ್ಸ್‌ಫಾರ್ಮರ್‌ನಿಂದ ನಡೆಯುವ ಸಾಮಾನ್ಯ ಬಗೆಯ ಪೆಟ್ಟಿಗೆಯಲ್ಲಿ ಒಳಬರುವ ಕಡೆ ಸುಮಾರು 1 ಓಮ್, ಹೊರಹೋಗುವ ಕಡೆ ಸುಮಾರು 200 ಓಮ್ ಸಿಗಬೇಕು.

ಮುಚ್ಚುವ ಮುನ್ನ

ದೋಷ ಹೋಯಿತೆಂದು ಕೂಡಲೇ ಪೆಟ್ಟಿಗೆ ಮುಚ್ಚಬೇಡಿ. ಸ್ಪೀಕರ್ ಹಾಕಿ ಒಂದು ಗಂಟೆ ಜೋರಾಗಿಯೇ ನುಡಿಸಿ, ನಡುನಡುವೆ ಪ್ಲೇಟ್‌ಗಳ ಬಣ್ಣ ನೋಡುತ್ತಿರಿ. ತಂಪಾಗಿದ್ದಾಗ ಸರಿಯಿದ್ದ ಬೆಸುಗೆ ಬಿಸಿಯಾದಾಗ ಬಿಟ್ಟುಕೊಳ್ಳುವುದು ಈ ಒಂದು ಗಂಟೆಯಲ್ಲೇ ಗೊತ್ತಾಗುತ್ತದೆ. ಬಯಾಸ್ ಮತ್ತೊಮ್ಮೆ ಓದಿ. ಪ್ರತಿ ಟ್ಯೂಬ್‌ನ ಪ್ಲೇಟ್, ಸ್ಕ್ರೀನ್, ಕ್ಯಾಥೋಡ್ ವೋಲ್ಟೇಜ್‌ಗಳನ್ನು, ಬದಲಾಯಿಸಿದ ಭಾಗಗಳನ್ನು, ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು, ಟ್ಯೂಬ್‌ಗಳ ಬಿಸಿ ತಾಗದ ಜಾಗ ನೋಡಿ ಪೆಟ್ಟಿಗೆಯ ಒಳಗೋಡೆಗೆ ಅಂಟಿಸಿ. ಮುಂದಿನ ಸಲ ಈ ಆಂಪ್ ತೆರೆಯುವವರು ಯಾರೇ ಇರಲಿ, ಅವರ ಮೊದಲ ಅರ್ಧ ಗಂಟೆಯ ಕೆಲಸವನ್ನು ಆ ಚೀಟಿ ಮಾಡಿಕೊಡುತ್ತದೆ.